ಹಳೆ ಬೆನ್ನುಚೀಲಕ್ಕೆ ತೂಗುವ ಲ್ಯಾಪ್‌ಟಾಪ್ ಖಾನೆ: ಮಾಡಿದ್ದು, ಕೆಟ್ಟಿದ್ದು, ಉಳಿದಿದ್ದು

ಲ್ಯಾಪ್‌ಟಾಪ್ ಬದಲಾಯಿತು, ಬ್ಯಾಗ್ ಬದಲಾಗಲಿಲ್ಲ. ಮೊದಲಿನದು 14 ಇಂಚಿನದು, ಈಗಿನದು 15.6. ಹಳೆ ಬ್ಯಾಗಿನ ಬಟ್ಟೆ ಗಟ್ಟಿಯಾಗಿದೆ, ಹೆಗಲ ಪಟ್ಟಿಗಳೂ ಚೆನ್ನಾಗಿವೆ. ಒಳಗಿನ ಲ್ಯಾಪ್‌ಟಾಪ್ ಖಾನೆ ಮಾತ್ರ ಚಿಕ್ಕದಾಯಿತು.

ಮೊದಲು ಹೊಸ ಬ್ಯಾಗುಗಳನ್ನೇ ನೋಡಿದೆ. ನೋಡಿದ ಬಹುಪಾಲು ಬ್ಯಾಗುಗಳಲ್ಲಿ ಒಂದೇ ಕೊರತೆ. ಬೆನ್ನಿನ ಕಡೆ ದಪ್ಪ ಮೆತ್ತೆ, ಮುಂದಿನ ಕಡೆ ಒಂದಿಷ್ಟು ಮೆತ್ತೆ, ತಳದಲ್ಲಿ ಏನೂ ಇಲ್ಲ. ಖಾಲಿ ಬ್ಯಾಗನ್ನು ಮೇಜಿನ ಮೇಲೆ ನಿಲ್ಲಿಸಿ, ಲ್ಯಾಪ್‌ಟಾಪ್ ಖಾನೆಯ ತಳದವರೆಗೆ ಕೈ ಇಳಿಸಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳಿಗೆ ಮೇಜು ಗಟ್ಟಿಯಾಗಿ ಸಿಕ್ಕಿದರೆ, ಬ್ಯಾಗನ್ನು ಧಪ್ಪಂತ ನೆಲಕ್ಕೆ ಇಟ್ಟಾಗ ಲ್ಯಾಪ್‌ಟಾಪಿನ ಮೂಲೆಗೂ ನೆಲ ಹಾಗೇ ಸಿಗುತ್ತದೆ. ಬ್ಯಾಗ್ ಬೀಳುವುದು ಜಾಸ್ತಿ ತಳದ ಮೇಲೆ, ಇಲ್ಲವೇ ತಳದ ಮೂಲೆಯ ಮೇಲೆ. ಮೆತ್ತೆ ಇರುವುದು ಬೇರೆ ಕಡೆ!

ಖಾನೆಯ ತಳ ಬ್ಯಾಗಿನ ತಳದಿಂದ ಒಂದೆರಡು ಬೆರಳು ಮೇಲಿರುವ ಬ್ಯಾಗುಗಳೂ ಇವೆ. ಒಳಗೆ ಖಾನೆ ತೂಗಾಡುತ್ತಿರುತ್ತದೆ. ಹೊಲಿಯುವ ಉಸಾಬರಿ ಬೇಡ ಅನ್ನುವವರು ಅಂಥದ್ದನ್ನೇ ಹುಡುಕಿ ತೆಗೆದುಕೊಳ್ಳಿ, ಉಳಿದದ್ದೆಲ್ಲ ಆಮೇಲೆ ನೋಡಿದರಾಯಿತು. ನನ್ನ ಹತ್ತಿರ ಹೊಲಿಗೆ ಮೆಷಿನ್ ಇತ್ತು, ಹಳೆ ಬ್ಯಾಗಿನ ಮೇಲೆ ಮೋಹವೂ ಇತ್ತು. ಅದರೊಳಗೇ ತೂಗುವ ಖಾನೆ ಮಾಡಲು ಕೂತೆ.

1. ಅಳತೆ

ಬ್ಯಾಗಿನ ಚೀಟಿಯಲ್ಲಿರುವ 15.6 ಇಂಚು ಲ್ಯಾಪ್‌ಟಾಪಿನ ಅಳತೆಯಲ್ಲ. ಅದು ಪರದೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದದ್ದು. 16:9 ಪರದೆಯಾದರೆ ಅಗಲ 34.5 ಸೆಂ.ಮೀ., ಎತ್ತರ 19.4 ಸೆಂ.ಮೀ. ಅದರ ಸುತ್ತ ಎಷ್ಟು ಅಂಚು ಬಿಡಬೇಕು ಅನ್ನುವುದು ತಯಾರಿಸುವವರಿಗೆ ಬಿಟ್ಟದ್ದು. ಹಳೆ ಕಾಲದ 15.6 ಇಂಚಿನ ಯಂತ್ರಗಳು 38 ಸೆಂ.ಮೀ. ಅಗಲ ಇರುತ್ತಿದ್ದವು. ಈಗಿನವು 36ರ ಆಸುಪಾಸು. ಹಾಗಾಗಿ ಚೀಟಿ ನಂಬಿ ಸ್ಲೀವ್ (ಲ್ಯಾಪ್‌ಟಾಪ್ ತೂರಿಸುವ ತೆಳು ಚೀಲ) ತಂದರೆ ಒಂದೋ ಬಿಗಿ, ಇಲ್ಲವೇ ಲೊಡಲೊಡ.

ನನ್ನದು 358 × 235 ಮಿ.ಮೀ. ದಪ್ಪ 19 ಮಿ.ಮೀ., ಅಡಿಯ ರಬ್ಬರ್ ಕಾಲು ಸೇರಿಸಿದರೆ 22. ತೂಕ 1.7 ಕೆಜಿ. ಬ್ಯಾಗಿನ ಒಳಗಿನ ಅಗಲ 300 ಮಿ.ಮೀ., ಎತ್ತರ 460. ಲ್ಯಾಪ್‌ಟಾಪ್ ಗಿಡ್ಡ ಬದಿ ಕೆಳಗಾಗಿ ನಿಲ್ಲಬೇಕು.

ಇದೇ ಅಳತೆಗೆ ರಟ್ಟು ಕತ್ತರಿಸಿ, 22 ಮಿ.ಮೀ. ದಪ್ಪ ಬರುವವರೆಗೆ ಒಂದರ ಮೇಲೊಂದು ಅಂಟಿಸಿಕೊಂಡೆ. ಹೊಲಿಯುವಾಗ ಪದೇ ಪದೇ ಅಳತೆ ನೋಡಲು ಇದೇ ಸಾಕು, ಲ್ಯಾಪ್‌ಟಾಪನ್ನು ಕತ್ತರಿ, ಸೂಜಿಗಳ ಮಧ್ಯೆ ತರಬೇಕಾಗಿಲ್ಲ. ಅಂಗಡಿಗೆ ಬ್ಯಾಗ್ ನೋಡಲು ಹೋಗುವವರಿಗೂ ಈ ರಟ್ಟು ಒಳ್ಳೆಯದು.

2. ಹಳೆ ಖಾನೆ ಬಿಚ್ಚಿದ್ದು

ಬ್ಲೇಡಿನಿಂದ ಹೊಲಿಗೆ ಬಿಡಿಸಿ ಲೈನಿಂಗ್ ತೆಗೆದೆ. ಒಳಗಿದ್ದದ್ದು 4 ಮಿ.ಮೀ. ಸ್ಪಂಜ್. ಹಳದಿಯಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ತಳದಲ್ಲಿ ಎರಡು ಪದರ ಬಟ್ಟೆ, ಅಷ್ಟೇ. ಇಷ್ಟು ವರ್ಷ ಹಳೆ ಲ್ಯಾಪ್‌ಟಾಪ್ ಬದುಕಿದ್ದು ಅದೃಷ್ಟ.

ಬಟ್ಟೆಯ ಒಳಮೈಗೆ ಬಳಿದ ಪಾಲಿಯುರಿಥೇನ್ ಲೇಪ ಕೆಲವು ಕಡೆ ಅಂಟಂಟಾಗಿತ್ತು, ಕೆಲವು ಕಡೆ ಹೊಟ್ಟಿನ ಹಾಗೆ ಉದುರುತ್ತಿತ್ತು. ಈ ಲೇಪ ಗಾಳಿಯ ತೇವ ಎಳೆದುಕೊಂಡು ವರ್ಷಗಳ ಮೇಲೆ ತಾನಾಗಿ ಒಡೆಯುತ್ತದೆ. ಬ್ಯಾಗನ್ನು ಬಳಸದೆ ಅಟ್ಟದ ಮೇಲೆ ಇಟ್ಟರೂ ಅಷ್ಟೇ. ಉದುರುವುದನ್ನೆಲ್ಲ ಒಣ ಬ್ರಷ್‌ನಿಂದ ಉಜ್ಜಿ ತೆಗೆದೆ. ಮತ್ತೆ ಬಳಿಯುವ ಪ್ರಯತ್ನ ಮಾಡಲಿಲ್ಲ.

ಬಟ್ಟೆ 600 ಡೆನಿಯರ್ ಪಾಲಿಯೆಸ್ಟರ್. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಂದರೆ ನೂಲು ಎಷ್ಟು ದಪ್ಪ ಅನ್ನುವ ಲೆಕ್ಕ ಇದು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಬ್ಯಾಗ್ ಒಳ್ಳೆಯದು ಅಂತಲ್ಲ. ನೂಲು ನೈಲಾನೋ ಪಾಲಿಯೆಸ್ಟರೋ, ಹೊಲಿಗೆ ಹೇಗಿದೆ ಅನ್ನುವುದನ್ನೂ ನೋಡಬೇಕು. ಈ ಬ್ಯಾಗಿನಲ್ಲಿ ಬಟ್ಟೆ ಎಲ್ಲೂ ಸವೆದಿಲ್ಲ, ಬಿಟ್ಟುಕೊಂಡಿದ್ದೆಲ್ಲ ಹೊಲಿಗೆಯ ಜಾಗದಲ್ಲಿ.

3. ಯಾವ ಫೋಮ್

ಮನೆಯಲ್ಲಿ ಸಿಕ್ಕಿದ್ದು ಮೂರು ಬಗೆ.

ಮೊದಲನೆಯದು ಸೋಫಾ ಸ್ಪಂಜ್, 25 ಮಿ.ಮೀ. ದಪ್ಪ. ಮುಟ್ಟಲು ಹಿತ, ನೋಡಲು ಧೈರ್ಯ ಕೊಡುತ್ತದೆ. ಎರಡನೆಯದು ಇವಿಎ ಫೋಮ್. ಮಕ್ಕಳ ಆಟಕ್ಕೆ ನೆಲಕ್ಕೆ ಹಾಸುವ, ಒಂದಕ್ಕೊಂದು ಸಿಕ್ಕಿಕೊಳ್ಳುವ ಬಣ್ಣದ ಚೌಕಗಳು ಬರುತ್ತವಲ್ಲ, ಅದೇ. 12 ಮಿ.ಮೀ. ದಪ್ಪ. ಮೂರನೆಯದು ಇಪಿಇ, ಟಿವಿ, ಪ್ರಿಂಟರ್ ಪೆಟ್ಟಿಗೆಗಳಲ್ಲಿ ಬರುವ ಬಿಳಿ ಹಗುರ ಫೋಮ್. ಇದು ಥರ್ಮಕೋಲ್ ಅಲ್ಲ. ಥರ್ಮಕೋಲ್ ಮುರಿದರೆ ಮಣಿ ಮಣಿಯಾಗಿ ಉದುರುತ್ತದೆ, ಇದು ಮುರಿಯದೆ ಬಾಗುತ್ತದೆ. ನನಗೆ ಸಿಕ್ಕಿದ್ದು 20 ಮಿ.ಮೀ.ನದು.

ಥರ್ಮಕೋಲ್ ಬಳಸಬೇಡಿ. ಒಂದು ಪೆಟ್ಟಿಗೆ ನಜ್ಜಾದರೆ ಮತ್ತೆ ಏಳುವುದಿಲ್ಲ. ಮೇಲಾಗಿ ರಬ್ಬರ್ ಅಂಟು ತಾಗಿದರೆ ಅದರಲ್ಲಿರುವ ದ್ರಾವಕ ಥರ್ಮಕೋಲನ್ನೇ ಕರಗಿಸುತ್ತದೆ.

ಅಂಗಡಿಯಲ್ಲಿ ಸಿಗುವ ನಿಯೋಪ್ರೀನ್ ಸ್ಲೀವ್ ಕೂಡ ಒಂದು ಇತ್ತು, ಹಳೆ ಲ್ಯಾಪ್‌ಟಾಪಿನದು. ರಬ್ಬರ್ ಫೋಮಿನ ಎರಡೂ ಬದಿಗೆ ಬಟ್ಟೆ ಅಂಟಿಸಿರುತ್ತಾರೆ. ದಪ್ಪ ನಾಲ್ಕು ಮಿ.ಮೀ. ಗೀರು ತಪ್ಪಿಸಲು, ಧೂಳು ತಪ್ಪಿಸಲು ಅಡ್ಡಿಯಿಲ್ಲ. ಬೀಳುವುದರಿಂದ ಕಾಪಾಡುತ್ತದೆ ಅಂತ ನಾಲ್ಕು ಮಿ.ಮೀ.ನಿಂದ ಕೇಳುವುದು ಜಾಸ್ತಿಯಾಯಿತು.

4. ಬೀಳಿಸಿ ನೋಡಿದ್ದು

ಇಡೀ ಕೆಲಸದಲ್ಲಿ ಸಮಯ ತಿಂದದ್ದು ಈ ಹಂತ. ಕಲಿತದ್ದೂ ಇಲ್ಲೇ.

ಲ್ಯಾಪ್‌ಟಾಪ್ ಬದಲಿಗೆ ಒಂದು ಡಮ್ಮಿ ಬೇಕು. 18 ಮಿ.ಮೀ. ಪ್ಲೈವುಡ್ಡನ್ನು 358 × 235ಕ್ಕೆ ಕೊಯ್ದೆ. ತೂಕ ಸುಮಾರು 900 ಗ್ರಾಂ ಬಂತು. ಮಧ್ಯದಲ್ಲಿ ಕಬ್ಬಿಣದ ಪಟ್ಟಿ ಸ್ಕ್ರೂ ಮಾಡಿ 1.7 ಕೆಜಿ ಮಾಡಿದೆ.

ಪೆಟ್ಟು ಅಳೆಯುವುದು ಹೇಗೆ? ಮೊದಲು ಫೋನನ್ನು ಪ್ಲೈವುಡ್ಡಿಗೆ ಟೇಪ್ ಹಾಕಿ ಕಟ್ಟಿ, ಫೈಫಾಕ್ಸ್ ಆ್ಯಪ್‌ನಲ್ಲಿ ವೇಗೋತ್ಕರ್ಷ ದಾಖಲಿಸಿದೆ. ಗ್ರಾಫಿನ ತುದಿ ಪ್ರತಿ ಸಲವೂ ಚಪ್ಪಟೆ. ಫೋನಿನೊಳಗಿನ ಸೆನ್ಸರ್‌ಗೆ ಒಂದು ಮಿತಿ ಇದೆ, ಅದರಾಚೆ ಅದು ಅಳೆಯುವುದಿಲ್ಲ. ಸ್ಪಂಜಿಗೂ ಅದೇ ಅಂಕಿ, ಇವಿಎಗೂ ಅದೇ ಅಂಕಿ. ಫೋನನ್ನು ಸುಮ್ನೆ ಕುಕ್ಕಿದ್ದಾಯಿತು.

ಆಮೇಲೆ ಹಿಡಿದ ದಾರಿ ಮಕ್ಕಳ ಕ್ಲೇ. ಫೋಮಿನಲ್ಲಿ ಕಿರುಬೆರಳಿನ ಗಾತ್ರದ ತೂತು ಕೊರೆದು, ಫೋಮಿನಷ್ಟೇ ಎತ್ತರದ ಕ್ಲೇ ಗೋಪುರ ಅದರೊಳಗೆ ನಿಲ್ಲಿಸಬೇಕು. ಡಮ್ಮಿ ಬಿದ್ದಾಗ ಫೋಮ್ ಅದುಮಿ ಮತ್ತೆ ಏಳುತ್ತದೆ, ಕ್ಲೇ ಏಳುವುದಿಲ್ಲ. ಉಳಿದ ಕ್ಲೇ ಎತ್ತರ ಅಳೆದರೆ ಫೋಮ್ ಎಷ್ಟರವರೆಗೆ ಅದುಮಿತ್ತು ಅಂತ ಗೊತ್ತಾಗುತ್ತದೆ. ತೂತು ಕ್ಲೇಗಿಂತ ಸ್ವಲ್ಪ ಅಗಲ ಇರಲಿ, ಅದುಮಿದ ಕ್ಲೇ ಹರಡಲು ಜಾಗ ಬೇಕು.

ಎತ್ತರ 75 ಸೆಂ.ಮೀ. ಇಟ್ಟುಕೊಂಡೆ. ಮೇಜಿನಿಂದ ಜಾರಿದರೆ, ಒಂದು ಹೆಗಲಿನಿಂದ ಕಳಚಿದರೆ ಬ್ಯಾಗಿನ ತಳ ಬೀಳುವುದು ಹೆಚ್ಚುಕಮ್ಮಿ ಅಷ್ಟು. ಕೆಳಗೆ ಸಿಮೆಂಟ್ ನೆಲ. ಫಲಿತಾಂಶ:

ಸ್ಪಂಜ್ 25 ಮಿ.ಮೀ.: ಉಳಿದ ಕ್ಲೇ 1 ಮಿ.ಮೀ. ಅಂದರೆ ಡಮ್ಮಿ ಸ್ಪಂಜನ್ನು ಪೂರ್ತಿ ಅದುಮಿ ನೆಲಕ್ಕೆ ತಾಗಿದೆ. ಬೆರಳಿಗೆ ಮೆತ್ತಗಿದ್ದದ್ದು ತೂಕಕ್ಕೆ ಏನೂ ಅಲ್ಲ.

ಇವಿಎ ಎರಡು ಪದರ, 24 ಮಿ.ಮೀ.: ಉಳಿದದ್ದು 19. ಇದು ಇನ್ನೊಂದು ಕಡೆಯ ತೊಂದರೆ. ಬರೀ 5 ಮಿ.ಮೀ. ಬಗ್ಗಿದೆ. ಉಳಿದ ದಪ್ಪ ಕೆಲಸಕ್ಕೇ ಬರಲಿಲ್ಲ.

ಮೇಲೆ ಇಪಿಇ 20, ಕೆಳಗೆ ಇವಿಎ 12: ಇಪಿಇಯಲ್ಲಿ ಉಳಿದದ್ದು 8. ಅಂದರೆ 12 ಮಿ.ಮೀ. ಬಗ್ಗಿ ನಿಂತಿದೆ, ತಳ ಮುಟ್ಟಿಲ್ಲ.

ಒಂದೇ ಒಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. 75 ಸೆಂ.ಮೀ. ಬಿದ್ದ ವಸ್ತು 5 ಮಿ.ಮೀ.ನಲ್ಲಿ ನಿಂತರೆ ಅದರ ಮೇಲಿನ ಸರಾಸರಿ ಪೆಟ್ಟು ಅದರ ತೂಕದ 150 ಪಟ್ಟು. 12 ಮಿ.ಮೀ.ನಲ್ಲಿ ನಿಂತರೆ 60 ಪಟ್ಟಿನ ಹತ್ತಿರ. ಮೂರನೆಯದನ್ನು ಆರಿಸಿದ್ದು ಇದಕ್ಕೇ.

ಇಪಿಇಯ ದೌರ್ಬಲ್ಯವೂ ಕಣ್ಣಿಗೆ ಬಿತ್ತು. ಅದೇ ತುಂಡಿನ ಮೇಲೆ ಮತ್ತೆ ಮತ್ತೆ ಬೀಳಿಸಿದರೆ ಅದು ಪೂರ್ತಿ ಏಳುವುದಿಲ್ಲ, ಅಲ್ಲೊಂದು ಗುಳಿ ಉಳಿಯುತ್ತದೆ. ಹಾಗಾಗಿ ತಳದ ಮೆತ್ತೆಯನ್ನು ಹೊಲಿದುಬಿಡದೆ, ತೆಗೆದು ಬದಲಿಸುವ ಹಾಗೆ ಜೇಬಿನಲ್ಲಿ ಇಟ್ಟಿದ್ದೇನೆ. ಒಂದು ಜೋರು ಬಿದ್ದ ಮೇಲೆ ಹೊಸ ತುಂಡು ಹಾಕುವುದು.

ಮೂಲೆಗಳ ಬಗ್ಗೆ. ತಳದ ಇಪಿಇಯ ಎರಡೂ ತುದಿಯಲ್ಲಿ 25 ಮಿ.ಮೀ. ಕತ್ತರಿಸಿ ತೆಗೆದೆ. ಲ್ಯಾಪ್‌ಟಾಪಿನ ಅಂಚಿನ ಮಧ್ಯಭಾಗ ಮೆತ್ತೆಯ ಮೇಲೆ ಕೂರುತ್ತದೆ, ಮೂಲೆಗಳ ಕೆಳಗೆ ಟೊಳ್ಳು. ಮೂಲೆ ಎಲ್ಲಕ್ಕಿಂತ ಮೊದಲು ನಜ್ಜಾಗುವ ಜಾಗ, ಅದಕ್ಕೆ ಭಾರವೇ ಹೋಗಬಾರದು. ಹೊಸ ಲ್ಯಾಪ್‌ಟಾಪಿನ ಪೆಟ್ಟಿಗೆಯಲ್ಲಿ ಎರಡು ಬದಿಗೆ ಬರುವ ಫೋಮ್ ತುಂಡನ್ನು ನೋಡಿ, ಬಹಳಷ್ಟರಲ್ಲಿ ಮೂಲೆಯ ಹತ್ತಿರ ಹೀಗೇ ಬಿಟ್ಟಿರುತ್ತಾರೆ.

5. ಅಗಲ ಮುಖಕ್ಕೆ ಮೆತ್ತಗಿನದಲ್ಲ, ಗಟ್ಟಿ ಹಾಳೆ

ಅಗಲ ಮುಖಗಳಿಗೆ ಬರುವ ಅಪಾಯ ಬೇರೆ. ಬ್ಯಾಗ್ ತುಂಬಾ ಸಾಮಾನು ತುರುಕಿದಾಗ ಚಾರ್ಜರ್ ಉಬ್ಬು ಪರದೆಯ ಬೆನ್ನಿಗೆ ಒತ್ತುತ್ತದೆ. ಮೇಲೆ ಇನ್ನೊಂದು ಬ್ಯಾಗ್ ಬಿತ್ತು ಅಂದರೆ ಪರದೆಯಲ್ಲಿ ಬಿಳಿ ಮಚ್ಚೆ, ಇಲ್ಲವೇ ಬಿರುಕು. ಇದಕ್ಕೆ ಮೆತ್ತೆ ಸಾಲದು. ಒತ್ತಡ ಒಂದೇ ಜಾಗಕ್ಕೆ ಬೀಳದ ಹಾಗೆ ಹರಡುವ ಬಿರುಸು ಬೇಕು.

ತಂದದ್ದು 3 ಮಿ.ಮೀ. ಸುಕ್ಕುಗಟ್ಟಿದ ಪ್ಲಾಸ್ಟಿಕ್ ಹಾಳೆ. ಬೋರ್ಡ್ ಬರೆಯುವವರು ಬಳಸುತ್ತಾರಲ್ಲ, ಒಳಗೆ ಉದ್ದುದ್ದ ನಾಳ ಇರುವ ಹಾಳೆ, ಅದು. ನಾಳದ ಉದ್ದಕ್ಕೆ ಬಗ್ಗುವುದಿಲ್ಲ, ಅಡ್ಡಕ್ಕೆ ಸಲೀಸಾಗಿ ಬಗ್ಗುತ್ತದೆ. ಹಾಗಾಗಿ ಪರದೆಯ ಕಡೆಗೆ ಎರಡು ಹಾಳೆ, ಒಂದರ ನಾಳ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ. ಬೆನ್ನಿನ ಕಡೆಗೆ ಒಂದು ಸಾಕಾಯಿತು.

ಹಾಳೆ ಲ್ಯಾಪ್‌ಟಾಪಿಗಿಂತ ಅಗಲವಾಗಿರಲೇಬೇಕು. ಸುತ್ತ ಇವಿಎ ಚೌಕಟ್ಟು ಮಾಡಿದೆ: ಎಡ, ಬಲ, ಕೆಳಗೆ ಮೂರು ಕಡೆ 12 ಮಿ.ಮೀ. ದಪ್ಪ, 30 ಮಿ.ಮೀ. ಆಳ. ಲ್ಯಾಪ್‌ಟಾಪ್ ದಪ್ಪ 22, ಚೌಕಟ್ಟಿನ ಆಳ 30. ಹಾಳೆಗಳು ಈ ಚೌಕಟ್ಟಿನ ಮೇಲೆ ಕೂರುತ್ತವೆ. ಹೊರಗಿನಿಂದ ಒತ್ತಿದರೆ ಭಾರ ಚೌಕಟ್ಟಿಗೆ ಹೋಗುತ್ತದೆ, ಪರದೆಗೆ ಅಲ್ಲ. ನಡುವಿನ ಸಂದಿ ತುಂಬಲು ಎರಡೂ ಕಡೆ ಫ್ಲೀಸ್, ಅಂದರೆ ಮೆತ್ತನೆ ರೋಮದ ಬಟ್ಟೆ.

ಅಂಟಿಸುವ ಕೆಲಸ ಇಲ್ಲಿ ಕೈಕೊಟ್ಟಿತು. ರಬ್ಬರ್ ಅಂಟನ್ನು ಎರಡೂ ಮೈಗೆ ಬಳಿದು, ಹತ್ತು ನಿಮಿಷ ಆರಲು ಬಿಟ್ಟು, ಒತ್ತಿ ಅಂಟಿಸಿದೆ. ಇವಿಎಗೆ ಇವಿಎ ಚೆನ್ನಾಗಿ ಕಚ್ಚಿತು, ಎಳೆದರೆ ಫೋಮೇ ಹರಿಯುತ್ತದೆ. ಪ್ಲಾಸ್ಟಿಕ್ ಹಾಳೆಗೆ ಅಂಟಿಸಿದ್ದು ಮಾತ್ರ ಮರುದಿನ ಉಗುರು ಹಾಕಿದರೆ ಇಡೀ ಪದರವಾಗಿ ಎದ್ದು ಬಂತು. ಹಾಳೆ ಪಾಲಿಪ್ರೊಪಿಲೀನ್. ಅದಕ್ಕೆ ಮಾಮೂಲಿ ಅಂಟುಗಳು ಹಿಡಿಯುವುದಿಲ್ಲ. ಮರಳು ಕಾಗದದಿಂದ ಉಜ್ಜಿ ಮತ್ತೆ ಹಚ್ಚಿದರೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ಕೊನೆಗೆ ಅಂಟೇ ಬೇಡ ಅಂತ ಬಟ್ಟೆಯಲ್ಲಿ ಜೇಬು ಹೊಲಿದು ಹಾಳೆ ಒಳಗೆ ತೂರಿಸಿದೆ. ಇದರಿಂದ ಒಂದು ಅನುಕೂಲವೂ ಆಯಿತು. ಹಾಳೆ ಹೊರಗೆ ತೆಗೆದರೆ ಖಾನೆಯನ್ನು ತೊಳೆಯಬಹುದು.

ಹಾಳೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಬಿಟ್ಟರೆ ಬಟ್ಟೆಯನ್ನು ಒಳಗಿನಿಂದ ತಿನ್ನುತ್ತದೆ.

6. ಹೊಲಿಗೆ

ಹೊರಬಟ್ಟೆಗೆ ಹರಿದುಹೋದ ಇನ್ನೊಂದು ಬ್ಯಾಗಿನ 420 ಡೆನಿಯರ್ ನೈಲಾನ್. ಒಳಗೆ ಹಳೆ ಫ್ಲೀಸ್ ಹೊದಿಕೆ. ದಾರ ಪಾಲಿಯೆಸ್ಟರ್. ಹತ್ತಿ ದಾರ ಬೇಡ, ತೇವಕ್ಕೆ ಕೊಳೆಯುತ್ತದೆ.

ಮೆಷಿನ್ ಮನೆಬಳಕೆಯದೇ. ದಿನನಿತ್ಯದ 14 ನಂಬರ್ ಸೂಜಿ ಎರಡು ಪದರ ನೈಲಾನ್ ದಾಟಿತು, ಪಟ್ಟಿ ಸೇರಿದ ಜಾಗದಲ್ಲಿ ಮುರಿಯಿತು. 16 ಹಾಕಿದೆ, ಪಟ್ಟಿಗಳ ಜಾಗಕ್ಕೆ 18. ಹೊಲಿಗೆಯ ಉದ್ದ 3.5 ಮಿ.ಮೀ. ಸಣ್ಣ ಹೊಲಿಗೆ ಹಾಕಿದರೆ ಗಟ್ಟಿ ಅನ್ನಿಸುತ್ತದೆ, ಆದರೆ ಹತ್ತಿರ ಹತ್ತಿರ ತೂತು ಬಿದ್ದು ಬಟ್ಟೆ ಅದೇ ಗೆರೆಗೆ ಹರಿಯುತ್ತದೆ.

ಮೊದಲು ಫೋಮ್ ಸಮೇತ ಹೊಲಿಯಲು ಹೋದೆ. ಪ್ರೆಸರ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಮೆಷಿನ್ ಕಾಲು) ಫೋಮನ್ನು ಅದುಮಿ ತಡೆಯುತ್ತದೆ, ಕೆಳಗಿನ ಬಟ್ಟೆ ಮಾತ್ರ ಸರಿದುಹೋಗುತ್ತದೆ. ಒಂದು ಬದಿಯ ಕೊನೆಗೆ ಬರುವಷ್ಟರಲ್ಲಿ ಎರಡು ಪದರಗಳ ನಡುವೆ 15 ಮಿ.ಮೀ. ವ್ಯತ್ಯಾಸ. ಪೂರ್ತಿ ಬಿಚ್ಚಿದೆ. ಬಟ್ಟೆಯ ಚೀಲಗಳನ್ನು ಮೊದಲು ಹೊಲಿದು ಫೋಮನ್ನು ಆಮೇಲೆ ತೂರಿಸಿದರೆ ಈ ಕಾಟವಿಲ್ಲ. ಫ್ಲೀಸ್ ಕಾಲಿಗೆ ಸಿಕ್ಕಿಕೊಳ್ಳುವ ಕಡೆ ಮೇಲೆ ಒಂದು ಪಟ್ಟಿ ತೆಳು ಕಾಗದ ಇಟ್ಟು ಹೊಲಿದು, ಆಮೇಲೆ ಕಾಗದ ಹರಿದು ತೆಗೆದೆ. ಗುಂಡುಸೂಜಿ ಬದಲು ಬಟ್ಟೆ ಒಣಹಾಕುವ ಕ್ಲಿಪ್ ಬಳಸಿದೆ, ಲೇಪ ಇರುವ ಬಟ್ಟೆಯಲ್ಲಿ ಸೂಜಿ ತೂತು ಮುಚ್ಚುವುದಿಲ್ಲ.

ಮೆಷಿನ್ ದಾಟದ ಎರಡು ಜಾಗಗಳಿಗೆ ದಬ್ಬಣ. ಬೆರಳಿಗೆ ಚರ್ಮದ ತುಂಡು ಸುತ್ತಿಕೊಳ್ಳಿ, ಇಲ್ಲದಿದ್ದರೆ ಮಾರನೇ ದಿನ ಕೀಬೋರ್ಡ್ ಮುಟ್ಟಲಾಗುವುದಿಲ್ಲ.

ಬಾಯಿಗೆ ಜಿಪ್ಪೋ ವೆಲ್ಕ್ರೊವೋ? ಜಿಪ್ ಇಟ್ಟು ನೋಡಿದೆ. ಒಳಗೆ ಹೋಗುವಾಗ ಬರುವಾಗ ಡಮ್ಮಿಯ ಅಂಚು ಪ್ರತಿ ಸಲ ಜಿಪ್ಪಿನ ಹಲ್ಲಿಗೆ ಉಜ್ಜುತ್ತಿತ್ತು. ಮಧ್ಯೆ ಬಟ್ಟೆ ಪಟ್ಟಿ ಕೊಟ್ಟರೆ ಸರಿಹೋಗುತ್ತದೆ, ಆದರೆ ಬ್ಯಾಗಿನ ಮೇಲೆ ಹೇಗೂ ಒಂದು ಜಿಪ್ ಇದೆಯಲ್ಲ, ಎರಡು ಸಲ ಎಳೆಯುವುದು ಯಾಕೆ ಅಂತ ಬಿಟ್ಟೆ. ಮಡಿಚುವ ಮುಚ್ಚಳ, ಅದಕ್ಕೆ ವೆಲ್ಕ್ರೊ. ಇದರಲ್ಲೂ ಒಂದು ತಾಪತ್ರಯ: ಕೊಕ್ಕೆಯ ಬದಿ ಫ್ಲೀಸಿಗೆ ಅಂಟಿಕೊಂಡು ಅದರ ರೋಮ ಕಿತ್ತು ತನ್ನೊಳಗೆ ತುಂಬಿಕೊಳ್ಳುತ್ತದೆ. ಬಾಯಿಯ ಸುತ್ತ 40 ಮಿ.ಮೀ. ಫ್ಲೀಸ್ ಕತ್ತರಿಸಿ ನುಣುಪು ನೈಲಾನ್ ಹಾಕಿದ ಮೇಲೆ ನಿಂತಿತು. ಸದ್ದು ಮಾತ್ರ ಹಾಗೇ ಇದೆ. ಮೀಟಿಂಗ್ ನಡೆಯುವ ಕೋಣೆಯಲ್ಲಿ ಚರ್‍ರ್ ಅಂತ ಬಿಡಿಸಿದರೆ ಎಲ್ಲರೂ ತಿರುಗುತ್ತಾರೆ.

ಅಯಸ್ಕಾಂತದ ಗುಂಡಿ ಹಾಕಬಹುದಿತ್ತು, ಸದ್ದಿಲ್ಲ. ಆದರೆ ಬಹಳಷ್ಟು ಲ್ಯಾಪ್‌ಟಾಪುಗಳು ಮುಚ್ಚಳ ಮುಚ್ಚಿದೆಯೋ ಇಲ್ಲವೋ ಅಂತ ಒಂದು ಪುಟ್ಟ ಅಯಸ್ಕಾಂತ ಮತ್ತು ಸೆನ್ಸರ್‌ನಿಂದಲೇ ತಿಳಿಯುವುದು. ಕೆಲಸ ಮಾಡುವಾಗ ಅಂಥ ಚೀಲ ಕೀಬೋರ್ಡಿನ ಕೆಳಗೆ ಬಂದರೆ ಪರದೆ ಇದ್ದಕ್ಕಿದ್ದ ಹಾಗೆ ಆರಬಹುದು. ಹಾಗಾಗಿ ಬೇಡವೆಂದೆ.

7. ತೂಗುಹಾಕಿದ್ದು

ಖಾನೆಯ ಮೇಲಂಚಿಗೆ ಎರಡು ವೆಲ್ಕ್ರೊ ಪಟ್ಟಿ, ಬ್ಯಾಗಿನ ಬೆನ್ನಿಗೆ ಎರಡು. ನೇರವಾಗಿ ತೂಗುವಾಗ ಚೆನ್ನಾಗಿಯೇ ಹಿಡಿಯಿತು. ಬ್ಯಾಗ್ ಮುಂದಕ್ಕೆ ವಾಲಿದಾಗ ಮೇಲಿನಿಂದ ಸುಲಿದ ಹಾಗೆ ಬಿಟ್ಟುಕೊಂಡು, ಖಾನೆ ಮೆಲ್ಲಗೆ ತಳಕ್ಕೆ ಇಳಿಯುತ್ತಿತ್ತು. ಹೊರಗಿನಿಂದ ಗೊತ್ತೇ ಆಗುವುದಿಲ್ಲ, ಅದೇ ಅಪಾಯ.

ಈಗ ಇರುವುದು 25 ಮಿ.ಮೀ. ಅಗಲದ ನೈಲಾನ್ ಪಟ್ಟಿ, ಎರಡು. ಒಂದು ತುದಿ ಖಾನೆಯ ಬೆನ್ನಿಗೆ. ಇನ್ನೊಂದು ತುದಿ ಬ್ಯಾಗಿನ ಮೇಲ್ಭಾಗದಲ್ಲಿ, ಹೆಗಲ ಪಟ್ಟಿಗಳು ಬೆನ್ನಿಗೆ ಸೇರುವ ಅದೇ ಹೊಲಿಗೆಯ ಗೆರೆಗೆ. ಇಡೀ ಬ್ಯಾಗಿನಲ್ಲಿ ಅದೇ ಅತಿ ಗಟ್ಟಿ ಜಾಗ, ಭಾರವೆಲ್ಲ ಹೇಗೂ ಅಲ್ಲಿಗೇ ಹೋಗುತ್ತದೆ. ಹೊಲಿಗೆ ಚೌಕ ಹಾಕಿ, ಒಳಗೆ ಗುಣಾಕಾರದ ಗುರುತು. ಪಟ್ಟಿಯ ಕತ್ತರಿಸಿದ ತುದಿಯನ್ನು ಲೈಟರ್‌ನಿಂದ ಸುಟ್ಟು ಕರಗಿಸಿ ಮುಚ್ಚಿದೆ, ಇಲ್ಲದಿದ್ದರೆ ನೂಲು ಬಿಚ್ಚುತ್ತಾ ಹೋಗುತ್ತದೆ. ನಡುವೆ ಉದ್ದ ಹೆಚ್ಚುಕಮ್ಮಿ ಮಾಡುವ ಬಕಲ್.

ಖಾಲಿ ಇದ್ದಾಗ ತಳದಿಂದ 25 ಮಿ.ಮೀ. ಮೇಲಿತ್ತು. ಲ್ಯಾಪ್‌ಟಾಪ್ ತೂಕ ಬಿದ್ದಾಗ ಬ್ಯಾಗಿನ ಬಟ್ಟೆಯೇ ಜೋತು 15 ಉಳಿಯಿತು. ಮೇಲೆತ್ತಿ 35ಕ್ಕೆ ಕಟ್ಟಿದೆ. ಈಗ ಭಾರ ಇದ್ದಾಗ 25.

ಒಂದು ವಾರ ಓಡಾಡಿದ ಮೇಲೆ ನೋಡಿದರೆ ಆ 25 ಮಿ.ಮೀ. ಸಂದಿಯಲ್ಲಿ ಎರಡು ಪೆನ್ನು, ಒಂದು ಅಡಾಪ್ಟರ್, ಮೌಸ್. ಬ್ಯಾಗಿನ ದೊಡ್ಡ ಖಾನೆಯಿಂದ ಒಂದೊಂದೇ ಜಾರಿ ಖಾನೆಯ ಕೆಳಗೆ ಸೇರಿಕೊಂಡಿದ್ದವು. ತೂಗುಹಾಕಿದ್ದೇ ವ್ಯರ್ಥ! ಬ್ಯಾಗ್ ಬಿದ್ದರೆ ಲ್ಯಾಪ್‌ಟಾಪ್ ಕೂರುವುದು ಅಡಾಪ್ಟರಿನ ಮೇಲೆ. ಖಾನೆಯ ಮುಂದಿನ ಕೆಳಂಚಿನಿಂದ ಬ್ಯಾಗಿನ ತಳಕ್ಕೆ ಸಡಿಲವಾದ ಒಂದು ಬಟ್ಟೆ ಪರದೆ ಹೊಲಿದು ಸಂದಿ ಮುಚ್ಚಿದೆ. ಬಿಗಿಯಾಗಿ ಹೊಲಿಯಬೇಡಿ, ಬಿದ್ದಾಗ ಖಾನೆ ಕೆಳಗೆ ಇಳಿಯಲು ಬಟ್ಟೆ ಮಡಚಿಕೊಳ್ಳಬೇಕು. ಅಂಗಡಿಯಲ್ಲಿ ತೂಗುಖಾನೆಯ ಬ್ಯಾಗ್ ನೋಡುವಾಗಲೂ ಈ ಸಂದಿ ತೆರೆದಿದೆಯೋ ಮುಚ್ಚಿದೆಯೋ ನೋಡಿಕೊಳ್ಳಿ.

8. ಇಡೀ ಬ್ಯಾಗನ್ನು ಬೀಳಿಸಿದ್ದು

ಬ್ಯಾಗು, ಲ್ಯಾಪ್‌ಟಾಪ್‌ಗಳ ಮೇಲೆ ‘ಮಿಲಿಟರಿ ಗ್ರೇಡ್’ ಅಂತ ಬರೆದಿರುತ್ತಾರಲ್ಲ, ಬೀಳುವ ಪರೀಕ್ಷೆಯ ವಿಷಯದಲ್ಲಿ ಅದರ ಹಿಂದಿರುವುದು ಅಮೆರಿಕದ ಸೇನೆಯ ಎಂಐಎಲ್-ಎಸ್‌ಟಿಡಿ-810 ಅನ್ನುವ ಮಾನದಂಡ. ಅದರಲ್ಲಿ ಕೈಯಲ್ಲಿ ಒಯ್ಯುವ ವಸ್ತುವನ್ನು 122 ಸೆಂ.ಮೀ. ಎತ್ತರದಿಂದ 26 ಬಗೆಯಲ್ಲಿ ಬೀಳಿಸುತ್ತಾರೆ: 6 ಮುಖ, 12 ಅಂಚು, 8 ಮೂಲೆ. ಆ 26 ಬೀಳುವಿಕೆಯನ್ನು ಐದು ಮಾದರಿಗಳವರೆಗೆ ಹಂಚಿಕೊಳ್ಳಬಹುದು. ಅಂದರೆ ಒಂದೇ ವಸ್ತು ಎಲ್ಲವನ್ನೂ ತಾಳಿತು ಅಂತ ಅರ್ಥವಲ್ಲ. ಚೀಟಿ ಓದುವಾಗ ಇಷ್ಟು ನೆನಪಿರಲಿ.

ನಾನು ಅದರಿಂದ ತೆಗೆದುಕೊಂಡದ್ದು ದಿಕ್ಕುಗಳ ಯೋಚನೆ ಮಾತ್ರ. ಡಮ್ಮಿ, ಚಾರ್ಜರ್, ಎರಡು ಪುಸ್ತಕ ತುಂಬಿ 75 ಸೆಂ.ಮೀ.ನಿಂದ ತಳದ ಮೇಲೆ, ತಳದ ಎರಡು ಮೂಲೆಗಳ ಮೇಲೆ, ಒಂದು ಪಕ್ಕದ ಮೇಲೆ, ಬೆನ್ನಿನ ಮೇಲೆ ಬೀಳಿಸಿದೆ.

ತಳದ ಮೇಲೆ: ಕ್ಲೇ 20ರಲ್ಲಿ 13 ಉಳಿಯಿತು. ಬರೀ ಮೆತ್ತೆಯ ಮೇಲೆ ಬಿದ್ದಾಗ 8 ಉಳಿದಿತ್ತು. ತೂಗುಹಾಕಿದ್ದಕ್ಕೆ ಸಿಕ್ಕ ಲಾಭ ಇದು.

ತಳದ ಮೂಲೆ: 10. ಟೊಳ್ಳು ಬಿಟ್ಟ ಕಡೆ ಡಮ್ಮಿಯ ಮೂಲೆ ಹೊರಗಿನ ಇವಿಎಗೆ ತಾಗಿದ ಗುರುತು ಬಹಳ ಸಣ್ಣದು.

ಬೆನ್ನಿನ ಮೇಲೆ: ಏನೂ ಆಗಲಿಲ್ಲ.

ಪಕ್ಕದ ಮೇಲೆ: ಇದು ಸರಿಯಿಲ್ಲ. ಪಕ್ಕದಲ್ಲಿರುವುದು ಬರೀ 12 ಮಿ.ಮೀ. ಇವಿಎ, ಬಗ್ಗಿದ್ದು 3 ಮಿ.ಮೀ. ಕುರ್ಚಿಗೆ ಒರಗಿಸಿದ ಬ್ಯಾಗ್ ಅಡ್ಡಕ್ಕೆ ಉರುಳಿದರೆ ಅಷ್ಟು ಎತ್ತರ ಇರುವುದಿಲ್ಲ, ತಡೆಯುತ್ತದೆ. ಹೆಗಲಿನಿಂದ ಅಡ್ಡ ಬಿದ್ದರೆ ತಡೆಯುವುದಿಲ್ಲ.

9. ನೀರು

ಒಳಗೆ ಹಳೆ ಪೇಪರ್ ತುಂಬಿ ಶವರ್ ಕೆಳಗೆ ಐದು ನಿಮಿಷ. ಬಟ್ಟೆಯ ಮೂಲಕ ನೀರು ಬಂದದ್ದು ಕಡಿಮೆ. ಬಂದದ್ದು ಜಿಪ್ಪಿನ ಸಂದಿಯಿಂದ, ಹೊಲಿಗೆಯ ತೂತುಗಳಿಂದ, ಹೆಗಲ ಪಟ್ಟಿ ಸೇರುವ ಜಾಗದಿಂದ. ರೇನ್ ಕವರ್ ಹಾಕಿಯೂ ನೋಡಿದೆ. ಕವರ್ ಬೆನ್ನಿನ ಕಡೆ ಮುಚ್ಚುವುದಿಲ್ಲ, ಹೆಗಲ ಪಟ್ಟಿಯ ಮೇಲಿನ ನೀರು ಅಲ್ಲಿಂದಲೇ ಇಳಿಯುತ್ತದೆ, ಲ್ಯಾಪ್‌ಟಾಪ್ ಖಾನೆ ಇರುವುದೂ ಅದೇ ಬದಿಗೆ. ತೂಗುಖಾನೆಯ ಮುಚ್ಚಳವನ್ನು 60 ಮಿ.ಮೀ. ಉದ್ದ ಮಾಡಿ ಬೆನ್ನಿನ ಕಡೆಯಿಂದ ಮುಂದಕ್ಕೆ ಮಡಿಚುವ ಹಾಗೆ ಹಾಕಿದೆ. ಪೇಪರ್ ಒಣಗಿಯೇ ಇತ್ತು. ಬ್ಯಾಗಿನ ತಳದಲ್ಲಿ ನೀರು ನಿಂತಿತ್ತು, ಆದರೆ ಖಾನೆ ಅದಕ್ಕಿಂತ ಮೇಲೆ.

ಸ್ಪಂಜನ್ನು ಬಿಟ್ಟದ್ದಕ್ಕೆ ಎರಡನೇ ಕಾರಣವೂ ಇದೇ. ಅದು ನೀರು ಕುಡಿದು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಇವಿಎ, ಇಪಿಇಗಳ ಗುಳ್ಳೆಗಳು ಮುಚ್ಚಿರುತ್ತವೆ, ಒರೆಸಿದರೆ ಮುಗಿಯಿತು.

10. ಚಿಲ್ಲರೆ ಕೆಲಸ

ಬ್ಯಾಗಿನ ದೊಡ್ಡ ಜಿಪ್ಪು ಎಳೆದ ಹಿಂದೆಯೇ ಬಾಯಿ ಬಿಡುತ್ತಿತ್ತು. ಹಲ್ಲು ಸರಿಯಾಗಿದ್ದವು, ರನ್ನರ್ ಸವೆದು ಅಗಲವಾಗಿತ್ತು. ರನ್ನರಿನ ಹಿಂದಿನ ಎರಡು ಅಂಚನ್ನು ಇಕ್ಕಳದಿಂದ ಒಂದೊಂದೇ ಬದಿ ಮೆಲ್ಲಗೆ ಒತ್ತಿದೆ. ಸರಿಹೋಯಿತು. ಜೋರಾಗಿ ಒತ್ತಿದರೆ ರನ್ನರ್ ಕಚ್ಚಿಕೊಂಡು ಅಲುಗುವುದೇ ಇಲ್ಲ, ಕೆಲವು ಸಲ ಮುರಿದೂ ಹೋಗುತ್ತದೆ.

ಖಾನೆಯ ತೂಕ 390 ಗ್ರಾಂ ಬಂತು. ಹಳೆ ನಿಯೋಪ್ರೀನ್ ಸ್ಲೀವ್ 250 ಗ್ರಾಂ ಇತ್ತು. ಖರ್ಚಿನಲ್ಲಿ ಫೋಮಿಗೂ ಬಟ್ಟೆಗೂ ದುಡ್ಡು ಹೋಗಲಿಲ್ಲ, ಎಲ್ಲ ಮನೆಯ ಹಳೆ ಸಾಮಾನು. ಹೋದದ್ದು ಪಟ್ಟಿ, ಬಕಲ್, ವೆಲ್ಕ್ರೊ, ಸೂಜಿಗಳಿಗೆ. ಅದರಲ್ಲಿ ಬಕಲ್‌ಗಳದೇ ಸಿಂಹಪಾಲು.

ಮೆತ್ತೆ ಜಾಸ್ತಿಯಾದ ಮೇಲೆ ಹೊಸದೊಂದು ತೊಂದರೆ ಶುರುವಾಗಿದೆ. ಮುಚ್ಚಳ ಮುಚ್ಚಿ ಸ್ಲೀಪ್‌ನಲ್ಲಿ ಹಾಗೇ ಒಳಗಿಟ್ಟ ಲ್ಯಾಪ್‌ಟಾಪ್ ಹೊರತೆಗೆದಾಗ ಕಾವು ಏರಿ ಬಿಸಿಯಾಗಿತ್ತು. ಈಗಿನ ಯಂತ್ರಗಳು ಸ್ಲೀಪ್‌ನಲ್ಲಿದ್ದರೂ ಅಪ್‌ಡೇಟ್ ಅದು ಇದು ಅಂತ ನಡುವೆ ಎಚ್ಚರವಾಗುತ್ತವೆ, ಫೋಮ್ ಶಾಖವನ್ನು ಹೊರಗೆ ಬಿಡುವುದಿಲ್ಲ. ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುವ (ತೆರೆದ ಕೆಲಸ ಉಳಿಸಿಕೊಂಡು ಪೂರ್ತಿ ಆರುವ) ಹಾಗೆ ಸೆಟ್ಟಿಂಗ್ ಬದಲಿಸಿದ್ದೇನೆ.

ಪಕ್ಕದ ಮೆತ್ತೆ ಬಾಕಿ ಇದೆ. ಅಲ್ಲೂ ಇಪಿಇ ಹಾಕಬೇಕೆಂದರೆ ಒಂದೊಂದು ಬದಿಗೆ ಇನ್ನೂ 15 ಮಿ.ಮೀ. ಬೇಕು. ಖಾನೆಯ ಹೊರ ಅಗಲ ಈಗ 268, ಆಗ 298 ಆಗುತ್ತದೆ. ಬ್ಯಾಗಿನ ಒಳ ಅಗಲ 300. ಕಾಗದದ ಮೇಲೆ ಹಿಡಿಯುತ್ತದೆ, ಜಿಪ್ಪು ಎಳೆಯುವಾಗ ಹಿಡಿಯುತ್ತದೆ ಅನ್ನಿಸುತ್ತಿಲ್ಲ. ಮೊದಲು ರಟ್ಟಿನ ಡಮ್ಮಿಯನ್ನು 298ಕ್ಕೆ ಅಗಲ ಮಾಡಿ ತೂರಿಸಿ ನೋಡಬೇಕು, ಹೊಲಿಗೆ ಬಿಚ್ಚುವುದು ಆಮೇಲೆ.